ದಪ್ಪ, ಅಲೆ ಅಲೆ ಕೂದಲಿಗೆ ಯಾವ ಸ್ಟ್ರೈಟ್ನರ್? 230ಕ್ಕೆ ಇಟ್ಟರೂ ಸಂಜೆಯೊಳಗೆ ಮತ್ತೆ ಅಲೆ ಬರುತ್ತದೆ

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಕೂದಲು ತುಂಬಾ ದಟ್ಟ. ಜಡೆ ಹಾಕಿದರೆ ನನ್ನ ಮಣಿಕಟ್ಟಿನಷ್ಟು ದಪ್ಪ ಬರುತ್ತದೆ. ಉದ್ದ ಬೆನ್ನಿನ ಮಧ್ಯದವರೆಗೆ. ಕಿವಿಯವರೆಗೆ ನೇರವಾಗಿಯೇ ಇರುತ್ತದೆ, ಅಲ್ಲಿಂದ ಕೆಳಗೆ ಅಲೆ ಅಲೆ. ಮೋಡ ಕವಿದರೆ ಸಾಕು, ಊದಿಕೊಂಡು ಡಬಲ್ ಆಗುತ್ತದೆ.

ಹೋದ ತಿಂಗಳು ಆನ್‌ಲೈನ್‌ನಲ್ಲಿ ಎಂಟುನೂರು ರೂಪಾಯಿಗೆ ಒಂದು ಸ್ಟ್ರೈಟ್ನರ್ ತರಿಸಿದೆ. ಡಯಲ್ ತಿರುಗಿಸಿದರೆ 230ರವರೆಗೆ ಹೋಗುತ್ತದೆ. ಮೊದಲ ದಿನ 180ಕ್ಕೆ ಇಟ್ಟು ಎಳೆದೆ, ಏನೂ ಆಗಲಿಲ್ಲ. ಆಮೇಲೆ 230ಕ್ಕೆ ಇಟ್ಟೆ. ನೇರ ಆಯಿತು, ಆದರೆ ನಾಮಕರಣಕ್ಕೆ ಹೋಗಿ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅಲೆ. ಮೂರನೇ ಸಲ ಅಮ್ಮ ಹೇಳಿದರು, "ಅಂಗಿ ಇಸ್ತ್ರಿ ಮಾಡುವಾಗ ನೀರು ಚಿಮುಕಿಸಲ್ವಾ, ಹಾಗೆ ಮಾಡು" ಅಂತ. ನನಗೂ ಸರಿ ಅನಿಸಿತು. ನೀರು ಸ್ಪ್ರೇ ಮಾಡಿಕೊಂಡು ಒತ್ತಿದೆ. ಚುಂಯ್ ಅಂತ ಶಬ್ದ, ಹಬೆ, ಸೀದ ವಾಸನೆ. ಬಾಚಿದಾಗ ಬೈತಲೆ ಪಕ್ಕದ ಕೂದಲು ನಾಲ್ಕು ನಾಲ್ಕು ಇಂಚಿನ ತುಂಡಾಗಿ ಬಿಳಿ ಟವಲ್ ಮೇಲೆ ಬಿತ್ತು. ಕೂತು ಅತ್ತೆ.

ಮೂರು ವಾರದಲ್ಲಿ ಅಕ್ಕನ ಆರತಕ್ಷತೆ ಇದೆ. ಹೊಸ ಸ್ಟ್ರೈಟ್ನರ್ ತಗೊಳ್ಳಬೇಕಾ? ಸಿರಾಮಿಕ್, ಟೈಟಾನಿಯಮ್, ಟೂರ್ಮಲೀನ್ ಅಂತೆಲ್ಲ ಇದೆ, ಯಾವುದು? ಎಷ್ಟು ಬಿಸಿ ಇಡಬೇಕು? ದಯವಿಟ್ಟು ಅನುಭವ ಇರುವವರು ಹೇಳಿ.

ತಿಪಟೂರು ಕೊಬ್ಬರಿ

ಅಯ್ಯೋ, ಓದಿ ಸಂಕಟ ಆಯಿತು. ಸದ್ಯಕ್ಕೆ ಐರನ್ ಮುಟ್ಟಬೇಡಿ. ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮ ಮನೆಯಲ್ಲಿ ಗಾಣದ ಎಣ್ಣೆ ಬಿಟ್ಟರೆ ಬೇರೆ ಏನೂ ಹಾಕಲ್ಲ. ನನ್ನ ತಂಗಿ ಐರನ್ ಮಾಡುವ ಮೊದಲೂ ಒಂದೆರಡು ಹನಿ ಎಣ್ಣೆ ಸವರಿಕೊಳ್ಳುತ್ತಾಳೆ, ಹೊಳಪು ಬರುತ್ತದೆ.

ಕ್ಯಾತ್ಸಂದ್ರ ಪಾರ್ಲರ್ ಅಕ್ಕ

ತಂಗಿ, ಮೊದಲು ಸಮಾಧಾನ ಮಾಡಿಕೋ. ಹದಿನಾಲ್ಕು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ನಿನ್ನಂಥ ಕೂದಲು ವಾರಕ್ಕೆ ಮೂರು ನಾಲ್ಕಾದರೂ ನನ್ನ ಕೈಗೆ ಬರುತ್ತದೆ. ಉದ್ದಕ್ಕೆ ಬರೆಯುತ್ತೇನೆ, ಪೂರ್ತಿ ಓದು.

ದಪ್ಪ ಕೂದಲಿಗೆ ಜಾಸ್ತಿ ಬಿಸಿ ಬೇಕು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಬೇಕಾಗಿರುವುದು ಬಿಸಿ ಅಲ್ಲ. ಒಂದು ಸಲಕ್ಕೆ ಹಿಡಿಯುವ ಕೂದಲು ಕಡಿಮೆ ಆಗಬೇಕು, ಆ ಕೂದಲು ಪೂರ್ತಿ ಒಣಗಿರಬೇಕು. ಈ ಎರಡು ಸರಿ ಇದ್ದರೆ 180ರಿಂದ 190ರಲ್ಲಿ ಎಂಥ ದಟ್ಟ ಕೂದಲೂ ಕೇಳುತ್ತದೆ. ನೀನು ಬಹುಶಃ ಒಂದು ಹಿಡಿ ಕೂದಲು ತಗೊಂಡು ಒತ್ತಿರುತ್ತೀಯ. ಆಗ ಹೊರಗಿನ ಎಳೆ ಸುಡುತ್ತದೆ, ಒಳಗಿನ ಎಳೆಗೆ ಬಿಸಿಯೇ ತಲುಪಲ್ಲ. ಸಂಜೆ ಹೊತ್ತಿಗೆ ಒಳಗಿನ ಅಲೆ ಹೊರಗಿನದನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ನಾವು ಬಿಸಿ ಏರಿಸುತ್ತೇವೆ. ಆಗ ಮತ್ತೆ ಸುಡುವುದು ಅದೇ ಹೊರಗಿನ ಎಳೆ.

ಇನ್ನೊಂದು ಮಾತು. ದಪ್ಪ ಕೂದಲು ಅಂದರೆ ಎರಡು ಅರ್ಥ. ಎಳೆಗಳ ಸಂಖ್ಯೆ ಜಾಸ್ತಿ ಇರಬಹುದು, ಇಲ್ಲ ಒಂದೊಂದು ಎಳೆಯೇ ದಪ್ಪ ಇರಬಹುದು. ಬಾಚಣಿಗೆಯಲ್ಲಿ ಬಂದ ಒಂದು ಕೂದಲು ತಗೋ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಹೊರಳಿಸು. ಬೆರಳಿಗೆ ಸ್ಪಷ್ಟವಾಗಿ ದಾರದ ಹಾಗೆ ಸಿಗುತ್ತಿದ್ದರೆ ಎಳೆಯೇ ದಪ್ಪ. ಇದೆಯೋ ಇಲ್ಲವೋ ಅನ್ನುವಷ್ಟು ನವಿರಾಗಿದ್ದರೆ ನಿನ್ನದು ದಟ್ಟವಾದ ತೆಳು ಕೂದಲು. ತೆಳು ಎಳೆಗೆ 160–170 ದಾಟಬೇಡ. ಬಣ್ಣ ಹಾಕಿಸಿದ್ದರೆ 150ರಿಂದ ಶುರು ಮಾಡು. ದಪ್ಪ ಎಳೆಗೆ 180–190. ಮನೆಯಲ್ಲಿ 200 ದಾಟುವ ಅಗತ್ಯ ಯಾರಿಗೂ ಇಲ್ಲ. ಜಿಎಚ್‌ಡಿ ಅನ್ನುವ ದುಬಾರಿ ಸ್ಟ್ರೈಟ್ನರ್ ಕೇಳಿರಬಹುದು. ಅದರ ಎಷ್ಟೋ ಮಾಡೆಲ್‌ಗಳಲ್ಲಿ ಬಿಸಿ ಬದಲಾಯಿಸುವ ಬಟನ್ನೇ ಇಲ್ಲ, ಸೀದಾ 185ರಲ್ಲಿ ನಿಲ್ಲುತ್ತದೆ. ಡೈಸನ್‌ನ ಕೊರಾಲ್ ಅನ್ನುವುದರಲ್ಲಿ 165, 185, 210 ಅಂತ ಮೂರೇ ಇದೆ. ಅಷ್ಟು ದುಡ್ಡು ತಗೊಳ್ಳುವವರು 230 ಕೊಡದೆ ಇರುವುದಕ್ಕೆ ಕಾರಣ ಇದೆ.

ಮಾಡುವ ಕ್ರಮ ನಾಳೆ ಬರೆಯುತ್ತೇನೆ. ಈಗ ಗಿರಾಕಿ ಬಂದರು.

ತಿಪಟೂರಿನವರೇ, ಎಣ್ಣೆ ಒಳ್ಳೆಯದೇ, ಆದರೆ ಐರನ್ ಮುಂಚೆ ಬೇಡ. ಕೊಬ್ಬರಿ ಎಣ್ಣೆ 180ರ ಆಸುಪಾಸಿನಲ್ಲೇ ಹೊಗೆಯಾಡಲು ಶುರು ಮಾಡುತ್ತದೆ. ಒಗ್ಗರಣೆ ಸೌಟು ನೆನಪು ಮಾಡಿಕೊಳ್ಳಿ. ಅದೇ ನಿಮ್ಮ ತಂಗಿಯ ತಲೆಯಲ್ಲಿ ಆಗುತ್ತಿದೆ.

ತಿಪಟೂರು ಕೊಬ್ಬರಿ

ಅಕ್ಕ, ಇದು ನಿಜವಾಗಿ ಗೊತ್ತಿರಲಿಲ್ಲ. ಇವತ್ತೇ ತಂಗಿಗೆ ಹೇಳುತ್ತೇನೆ. ಹಾಗಾದರೆ ಎಣ್ಣೆ ಯಾವಾಗ ಹಚ್ಚಬೇಕು?

ಕ್ಯಾತ್ಸಂದ್ರ ಪಾರ್ಲರ್ ಅಕ್ಕ

ತಲೆಗೆ ಸ್ನಾನ ಮಾಡುವ ಹಿಂದಿನ ರಾತ್ರಿ. ಕೂದಲು ನೀರಲ್ಲಿ ನೆಂದು ಉಬ್ಬುವಾಗ ಅದರ ಪ್ರೋಟೀನ್ ಸ್ವಲ್ಪ ಸ್ವಲ್ಪ ತೊಳೆದುಹೋಗುತ್ತದೆ. ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಅದನ್ನು ಕಡಿಮೆ ಮಾಡುತ್ತದೆ. ಇದು 2003ರಲ್ಲೇ ಪರೀಕ್ಷೆ ಮಾಡಿ ಪ್ರಕಟವಾದ ವಿಷಯ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಎರಡಕ್ಕೂ ಆ ಗುಣ ಕಾಣಲಿಲ್ಲ. ನಿಮ್ಮೂರಿನ ಎಣ್ಣೆಗೆ ಆ ಮರ್ಯಾದೆ ಇದ್ದೇ ಇದೆ. ಆಮೇಲೆ ಶಾಂಪೂ ಹಾಕಿ ಎಣ್ಣೆ ಪೂರ್ತಿ ಹೋಗಿಸಿ, ಒಣಗಿಸಿ, ಆಮೇಲೆ ಐರನ್.

ಗುಂಗುರು, ಶಿರಾ

ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಇನ್ನೂ ಗುಂಗುರು. ಹತ್ತು ವರ್ಷ ಐರನ್ ಮಾಡಿ, ಈಗ ಮೂರು ವರ್ಷದಿಂದ ಹಾಗೇ ಬಿಟ್ಟಿದ್ದೇನೆ. ಅಲೆ ಕೂದಲು ಎಷ್ಟು ಚೆಂದ! ಆರತಕ್ಷತೆಗೆ ಹಾಗೇ ಬಿಟ್ಟರೆ ಆಗಲ್ವಾ?

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಅಕ್ಕ, ನನಗೂ ನನ್ನ ಅಲೆ ಇಷ್ಟವೇ. ದಿನಾ ಹಾಗೇ ಇರುತ್ತೇನೆ. ಆದರೆ ಅಕ್ಕನ ಮದುವೆಗೆ ಒಂದು ದಿನ ಬೇರೆ ಥರ ಕಾಣಬೇಕು ಅಂತ ಆಸೆ. ಅಷ್ಟೇ.

ಗುಂಗುರು, ಶಿರಾ

ಹಾಗಾದರೆ ಮಾಡಿಕೊಳ್ಳಿ. ಒಂದು ದಿನದ ಆಸೆಗೆ ಯಾಕೆ ಬೇಡ ಅನ್ನಲಿ. ಪಾರ್ಲರ್ ಅಕ್ಕ ಹೇಳಿದ ಹಾಗೆ ಮಾತ್ರ ಮಾಡಿ.

ಚಿಂತಾಮಣಿ ಕೆಮಿಸ್ಟ್ರಿ ಮೇಡಂ

ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತೇನೆ. ಇಸ್ತ್ರಿಯ ಉದಾಹರಣೆ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಿಮ್ಮ ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್. ಅದರ ಎಳೆಗಳನ್ನು ಎರಡು ಮುಖ್ಯ ಥರದ ಕೊಂಡಿ ಹಿಡಿದಿರುತ್ತವೆ. ಒಂದು ಗಂಧಕದ ಕೊಂಡಿ, ಗಟ್ಟಿ. ಇನ್ನೊಂದು ಹೈಡ್ರೋಜನ್ ಕೊಂಡಿ, ಸಡಿಲ. ಹೈಡ್ರೋಜನ್ ಕೊಂಡಿ ನೀರು ತಾಗಿದರೂ ಬಿಡುತ್ತದೆ, ಬಿಸಿ ತಾಗಿದರೂ ಬಿಡುತ್ತದೆ. ಒಣಗುವಾಗ, ತಣಿಯುವಾಗ ಕೂದಲು ಯಾವ ಆಕಾರದಲ್ಲಿ ಇರುತ್ತದೋ ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆ ಬರುವುದು ಹೀಗೆ. ಸ್ಟ್ರೈಟ್ನರ್ ಕೆಲಸ ಮಾಡುವುದೂ ಹೀಗೆಯೇ. ಗಂಧಕದ ಕೊಂಡಿಯನ್ನು ಅದು ಬಿಡಿಸಿ ಕಟ್ಟಲ್ಲ, ಅದಕ್ಕೆ ಪಾರ್ಲರ್‌ನ ರಾಸಾಯನಿಕ ಬೇಕು. ಅದಕ್ಕೇ ಐರನ್ ಮಾಡಿದ್ದು ಶಾಶ್ವತ ಅಲ್ಲ. ಗಾಳಿಯ ತೇವ ಸಾಕು, ಕೊಂಡಿ ಸಡಿಲವಾಗಿ ಹಳೆಯ ಅಲೆ ಬರುತ್ತದೆ.

ಹತ್ತಿಬಟ್ಟೆಯಲ್ಲೂ ಹೈಡ್ರೋಜನ್ ಕೊಂಡಿಯೇ. ಅಲ್ಲಿ ನೀರು ಚಿಮುಕಿಸಿ ಒತ್ತಿದರೆ ಹಬೆ ನೂಲಿನ ಸಂದಿಯಿಂದ ಆರಾಮಾಗಿ ಹೊರಗೆ ಹೋಗುತ್ತದೆ. ಕೂದಲಿನಲ್ಲಿ ಹಾಗಲ್ಲ. ಮೇಲೆ ಹೆಂಚು ಜೋಡಿಸಿದ ಹಾಗೆ ಪೊರೆ ಇದೆ. ನೀರು ಒಳಗೆ ಇಳಿದಿರುತ್ತದೆ. 100 ಡಿಗ್ರಿಗೆ ನೀರು ಕುದಿಯುತ್ತದೆ, ನಿಮ್ಮ ಪ್ಲೇಟ್ 230ರಲ್ಲಿತ್ತು. ಒಳಗಿನ ನೀರು ಒಂದೇ ಸಲಕ್ಕೆ ಹಬೆಯಾಗಿ ಎಳೆಯೊಳಗೇ ಗುಳ್ಳೆ ಮಾಡುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಸ್ಪಂಜಿನ ಹಾಗೆ ಕಾಣುತ್ತದೆ. ವೈದ್ಯರು ಇದಕ್ಕೆ ಬಬಲ್ ಹೇರ್ ಅಂತಲೇ ಹೆಸರಿಟ್ಟಿದ್ದಾರೆ. ಗುಳ್ಳೆ ಇದ್ದ ಜಾಗದಲ್ಲಿ ಎಳೆ ಮುರಿಯುತ್ತದೆ. ನಿಮ್ಮ ಟವಲ್ ಮೇಲೆ ಬಿದ್ದದ್ದು ಅದೇ. ಆ ಸೀದ ವಾಸನೆ ಗಂಧಕದ್ದು.

ಅಮ್ಮನನ್ನು ಬೈಯಬೇಡಿ, ಅಲ್ವಾ. ಅವರು ತಿಳಿದದ್ದನ್ನೇ ಹೇಳಿದರು.

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಮೇಡಂ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. ನನಗಿಂತ ಜಾಸ್ತಿ ಅವರಿಗೇ ನೋವಾಗಿದೆ. ಈಗ "ಒಣಗಿತಾ, ಒಣಗಿತಾ" ಅಂತ ನಿಮಿಷಕ್ಕೊಂದು ಸಲ ಕೇಳುತ್ತಿದ್ದಾರೆ.

ಬಂಗಾರಪೇಟೆ ಅಮ್ಮ

ನನ್ನ ಮಗಳಿಗೂ ಇದೇ ಕೂದಲು. ನಮ್ಮ ಕಡೆ ಇನ್ನೊಂದು ತೊಂದರೆ, ನೀರು. ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬರುವ ನೀರು ಎಷ್ಟು ಗಡಸು ಅಂದರೆ ಸೋಪಿನ ನೊರೆ ಬರಲ್ಲ. ಬಕೆಟ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ಬಕೆಟ್‌ಗೆ ಮಾತ್ರ ಹಿಡಿಯುತ್ತದಾ? ಕೂದಲಿಗೂ ಹಿಡಿಯುತ್ತದೆ. ಮಗಳ ಕೂದಲು ಮುಟ್ಟಿದರೆ ತೆಂಗಿನ ನಾರಿನ ಹಾಗಿತ್ತು. ಎಷ್ಟು ಐರನ್ ಮಾಡಿದರೂ ಒರಟು ಹೋಗುತ್ತಿರಲಿಲ್ಲ.

ಬೆಂಗಳೂರಿನ ಹಾಸ್ಟೆಲ್‌ಗೆ ಹೋದ ಎರಡು ತಿಂಗಳಿಗೆ ಅದೇ ಕೂದಲು ಮೆತ್ತಗಾಯಿತು. ಅಲ್ಲಿ ಕಾವೇರಿ ನೀರು. ಆಗ ನನಗೆ ಹೊಳೆಯಿತು. ಈಗ ಊರಿಗೆ ಬಂದಾಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಕೊನೆಯ ಎರಡು ಚೊಂಬು ಆ ನೀರಲ್ಲಿ ತೊಳೆಯುತ್ತಾಳೆ. ಹದಿನೈದು ದಿನಕ್ಕೊಮ್ಮೆ ಇಡಿಟಿಎ ಇರುವ ಶಾಂಪೂ ಹಾಕುತ್ತಾಳೆ, ಅಂಟಿಕೊಂಡ ಸುಣ್ಣದ ಅಂಶ ಅದರಲ್ಲಿ ಬಿಡುತ್ತದಂತೆ. ಬಾಟಲಿ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ ತಗೊಳ್ಳಿ.

ಒಂದು ಎಚ್ಚರ. ಮನೆಯ ಆರ್‌ಒ ಫಿಲ್ಟರ್‌ನಿಂದ ಪೈಪಲ್ಲಿ ಹೊರಗೆ ಬೀಳುವ ನೀರನ್ನು ತಲೆಗೆ ಹಾಕಬೇಡಿ. ಫಿಲ್ಟರ್ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನಾನು ನೀರು ವ್ಯರ್ಥ ಆಗಬಾರದು ಅಂತ ಆರು ತಿಂಗಳು ಅದನ್ನೇ ಮಗಳಿಗೆ ಕೊಟ್ಟಿದ್ದೆ. ಈಗ ನೆನೆಸಿಕೊಂಡರೆ ಮನಸ್ಸಿಗೆ ಕಷ್ಟ ಆಗುತ್ತದೆ.

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ನಮಗೆ ವಾರಕ್ಕೆ ಎರಡು ದಿನ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ನಲ್ಲಿಯಲ್ಲಿ ಬರುತ್ತದೆ. ಉಳಿದ ದಿನ ಬೋರ್. ನಾನು ಯೋಚನೆಯೇ ಮಾಡಿರಲಿಲ್ಲ. ಇನ್ನು ನಲ್ಲಿ ನೀರು ಬಂದ ದಿನವೇ ತಲೆಸ್ನಾನ.

ಗುಬ್ಬಿ ವೈರಿಂಗ್

ನಾನು ಎಲೆಕ್ಟ್ರಿಷಿಯನ್. ಕೂದಲಿನ ವಿಷಯ ಗೊತ್ತಿಲ್ಲ. ಮನೆಯಲ್ಲಿ ಹೆಂಡತಿ, ತಂಗಿ ಇಬ್ಬರೂ ಬಳಸುತ್ತಾರೆ, ರಿಪೇರಿಗೂ ಬರುತ್ತವೆ. ಕರೆಂಟಿನ ಮಾತು ಮಾತ್ರ ಹೇಳುತ್ತೇನೆ.

ಅಮೆರಿಕದಿಂದ ಯಾರಾದರೂ ಸ್ಟ್ರೈಟ್ನರ್ ತಂದುಕೊಟ್ಟರೆ ಹಿಡಿಯ ಮೇಲಿನ ಅಕ್ಷರ ಓದಿ. 100–240 ವೋಲ್ಟ್ ಅಂತ ಇದ್ದರೆ ಪಿನ್ ಬದಲಾಯಿಸುವ ಅಡಾಪ್ಟರ್ ಸಾಕು. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ಹಾಕಲೇಬೇಡಿ. ವೋಲ್ಟೇಜ್ ಎರಡು ಪಟ್ಟಾದರೆ ಹೀಟರ್ ಎಳೆಯುವ ಪವರ್ ನಾಲ್ಕು ಪಟ್ಟು. ನನ್ನ ಹತ್ತಿರ ಬಂದ ಒಂದರಲ್ಲಿ ಪ್ಲೇಟಿನ ಕೆಳಗಿನ ಪ್ಲಾಸ್ಟಿಕ್ ಕರಗಿ ಮೇಣದ ಹಾಗೆ ಇಳಿದಿತ್ತು. ಪುಣ್ಯಕ್ಕೆ ಆ ಹುಡುಗಿ ಇನ್ನೂ ತಲೆಗೆ ಹಚ್ಚಿರಲಿಲ್ಲ.

ಬಿಸಿ ಇರುವಾಗ ವೈರನ್ನು ಹಿಡಿಗೆ ಸುತ್ತಬೇಡಿ. ನನ್ನ ಹತ್ತಿರ ಬರುವ ಹತ್ತರಲ್ಲಿ ಏಳು ವೈರ್ ಬುಡದಲ್ಲೇ ತುಂಡಾಗಿರುತ್ತವೆ. ವೈರ್ ಬುಡ ಸುತ್ತಲೂ ತಿರುಗುವ ಮಾಡೆಲ್ ತಗೊಳ್ಳಿ, ಬಾಳಿಕೆ ಬರುತ್ತದೆ. ತಾನಾಗಿ ಆಫ್ ಆಗುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಬಚ್ಚಲಲ್ಲಿ ಬೇಡ. ಒದ್ದೆ ಕೈಯಲ್ಲಿ ಬೇಡ.

ಕರೆಂಟ್ ಹೋದರೆ ಯುಪಿಎಸ್‌ನಲ್ಲಿ ನಡೆಯುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಮಾನ್ಯ ಸ್ಟ್ರೈಟ್ನರ್ ಒಂದು ಫ್ಯಾನಿನಷ್ಟೇ ಎಳೆಯುತ್ತದೆ, ಕಾಯುವಾಗ ಸ್ವಲ್ಪ ಜಾಸ್ತಿ. ನಡೆಯುತ್ತದೆ. ಹೇರ್ ಡ್ರೈಯರ್ ಸಾವಿರ ವ್ಯಾಟ್ ದಾಟುತ್ತದೆ, ಅದನ್ನು ಹಾಕಬೇಡಿ. ಯುಪಿಎಸ್ ಟ್ರಿಪ್ ಆಗುತ್ತದೆ.

ಕ್ಯಾತ್ಸಂದ್ರ ಪಾರ್ಲರ್ ಅಕ್ಕ

ಅಣ್ಣ ಚೆನ್ನಾಗಿ ಹೇಳಿದರು. ನನ್ನ ಪಾರ್ಲರ್‌ನಲ್ಲೂ ಎರಡು ಸ್ಟ್ರೈಟ್ನರ್ ವೈರ್ ಬುಡದಲ್ಲೇ ಹೋದವು.

ತಂಗಿ, ಈಗ ಕೊಳ್ಳುವ ವಿಷಯ. ಅಂಗಡಿಯಲ್ಲಿ ನೋಡಿ ತಗೋ, ಆನ್‌ಲೈನ್ ಬೇಡ. ಎಂ.ಜಿ. ರಸ್ತೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗು. ಫಿಲಿಪ್ಸ್, ಹ್ಯಾವೆಲ್ಸ್, ವೇಗಾ, ಯಾವುದಾದರೂ ಇರಲಿ, ಬಿಡಿಸಿ ತೋರಿಸಿ ಅನ್ನು. ಜೇಬಲ್ಲಿ ಒಂದು ಕಾಗದದ ಚೀಟಿ ಇಟ್ಟುಕೊಂಡು ಹೋಗು. ಪ್ಲೇಟಿನ ತುದಿಯಲ್ಲಿ ಚೀಟಿ ಸಿಕ್ಕಿಸಿ ಮುಚ್ಚಿ ಎಳೆ. ಮಧ್ಯದಲ್ಲಿ ಎಳೆ. ಬುಡದಲ್ಲಿ ಎಳೆ. ಮೂರು ಕಡೆಯೂ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಕಡಿಮೆ ಬೆಲೆಯ ಎಷ್ಟೋ ಮಾಲಿನಲ್ಲಿ ತುದಿ ಮುಟ್ಟುತ್ತದೆ, ಬುಡದಲ್ಲಿ ಸಂದಿ. ಆ ಸಂದಿಯಲ್ಲಿ ಹೋದ ಕೂದಲು ನೇರ ಆಗಲ್ಲ, ನಾವು ಐದು ಸಲ ಎಳೆಯುತ್ತೇವೆ. ಹಾಳಾಗುವುದು ಅಲ್ಲಿಯೇ. ಪ್ಲೇಟನ್ನು ಬೆರಳಲ್ಲಿ ಒತ್ತಿದರೆ ಸ್ವಲ್ಪ ಕುಣಿಯಬೇಕು, ಒಳಗೆ ಸ್ಪ್ರಿಂಗ್ ಇರುತ್ತದೆ. ದಟ್ಟ ಕೂದಲಿಗೆ ಅದು ಬಹಳ ಅನುಕೂಲ.

ಅಗಲ ಎಷ್ಟು? ನಿನ್ನ ಉದ್ದಕ್ಕೆ ಒಂದೂವರೆ ಇಂಚಿನ ಪ್ಲೇಟ್ ಸರಿ. ಭುಜದವರೆಗೆ ಇರುವವರಿಗೆ ಒಂದು ಇಂಚು ಸಾಕು, ಕಿವಿಯ ಹತ್ತಿರ, ಬೈತಲೆ ಹತ್ತಿರ ಆಡಿಸಲು ಸುಲಭ. ಎರಡು ಇಂಚಿನದು ನಮ್ಮಂಥವರ ಕೈಗೆ ಸರಿ, ಮನೆಯಲ್ಲಿ ಹಿಂದಕ್ಕೆ ಕೈ ತಿರುಗಲ್ಲ.

ಸಿರಾಮಿಕ್ಕಾ ಟೈಟಾನಿಯಮ್ಮಾ ಅಂತ ಕೇಳಿದೆ. ಟೈಟಾನಿಯಮ್ ಬೇಗ ಕಾಯುತ್ತದೆ, ಕೂದಲಿಗೆ ಬೇಗ ಬಿಸಿ ದಾಟಿಸುತ್ತದೆ. ಕೈ ಪಳಗಿದವರಿಗೆ ಅದು ಒಳ್ಳೆಯದು, ಪಾರ್ಲರ್‌ನಲ್ಲಿ ನಾನು ಅದನ್ನೇ ಇಟ್ಟಿದ್ದೇನೆ. ಹೊಸಬರ ಕೈ ಒಂದು ಕ್ಷಣ ಒಂದೇ ಕಡೆ ನಿಂತರೂ ಅಲ್ಲೇ ಸುಡುತ್ತದೆ. ನಿನಗೆ ಸಿರಾಮಿಕ್. ಅದರಲ್ಲೂ ಲೋಹದ ಮೇಲೆ ತೆಳುವಾಗಿ ಬಳಿದದ್ದು ಬರುತ್ತದೆ. ಅದು ವರ್ಷ ಎರಡು ವರ್ಷಕ್ಕೆ ಸವೆದು ಅಲ್ಲಲ್ಲಿ ಎದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ. ಉಗುರಿನಲ್ಲಿ ಸವರಿ ನೋಡುತ್ತಿರು. ಒರಟು ಸಿಕ್ಕಿದ ದಿನ ಬದಲಾಯಿಸು. ಟೂರ್ಮಲೀನ್ ಅನ್ನುವುದು ಸಿರಾಮಿಕ್ ಜೊತೆ ಬೆರೆಸುವ ಒಂದು ಖನಿಜದ ಪುಡಿ. ಕೂದಲು ಹಾರಾಡುವುದು ಕಡಿಮೆ ಆಗುತ್ತದೆ ಅನ್ನುತ್ತಾರೆ. ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡಬೇಡ.

ಮುಖ್ಯವಾಗಿ ಬಿಸಿ ಎಷ್ಟಿದೆ ಅಂತ ಅಂಕಿಯಲ್ಲಿ ತೋರಿಸಬೇಕು. ಒಂದೂವರೆಯಿಂದ ಮೂರು ಸಾವಿರದೊಳಗೆ ಇವೆಲ್ಲ ಸಿಗುತ್ತದೆ. ನಿನ್ನ ಹಳೆಯದರ ಡಯಲ್ ನಂಬಬೇಡ. ಬೇಕಾದರೆ 180ಕ್ಕೆ ಇಟ್ಟು ಬಿಳಿ ಟಿಶ್ಯೂ ಕಾಗದವನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿ. ಕಂದು ಬಣ್ಣ ಬಂದರೆ ಅದು 180 ಅಲ್ಲ.

ಚಿಂತಾಮಣಿ ಕೆಮಿಸ್ಟ್ರಿ ಮೇಡಂ

ಅಕ್ಕ ಹೇಳಿದ ಕಾಗದದ ಪರೀಕ್ಷೆ ಹಳೆಯ ಪದ್ಧತಿ. 1872ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಾರ್ಸೆಲ್ ಗ್ರಾಟೋ ಅನ್ನುವವರು ಬೆಂಕಿಯಲ್ಲಿ ಕಾಯಿಸಿದ ಇಕ್ಕಳದಿಂದ ಕೂದಲಿಗೆ ಅಲೆ ಹಾಕುತ್ತಿದ್ದರು. ಆ ಕಾಲದ ಇಕ್ಕಳಕ್ಕೆ ಥರ್ಮಾಮೀಟರ್ ಎಲ್ಲಿ? ಕಾಗದ ಹಿಡಿದೇ ನೋಡುತ್ತಿದ್ದರು. ನಾವು ಅಲೆ ತೆಗೆಯಲು ಒದ್ದಾಡುತ್ತಿದ್ದೇವೆ, ಅವರು ಅಲೆ ಬರಿಸಲು.

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಅಕ್ಕ, ಟಿಶ್ಯೂ ಪರೀಕ್ಷೆ ಮಾಡಿದೆ. 180ಕ್ಕೆ ಇಟ್ಟಿದ್ದೆ. ಮಧ್ಯದಲ್ಲಿ ಬಿಳಿ, ತುದಿಯಲ್ಲಿ ಎರಡು ಬೆರಳಗಲ ಕಂದು. ಒಂದೇ ಪ್ಲೇಟಿನಲ್ಲಿ ಎರಡು ಥರ! ಅದನ್ನು ಎತ್ತಿಟ್ಟೆ. ಶನಿವಾರ ಅಂಗಡಿಗೆ ಹೋಗುತ್ತೇನೆ.

ಅಕ್ಕನ ಸ್ನೇಹಿತೆ ಒಬ್ಬರು, "ಇದೆಲ್ಲ ಯಾಕೆ, ಪಾರ್ಲರ್‌ನಲ್ಲಿ ಕೆರಾಟಿನ್ ಮಾಡಿಸಿಕೋ, ಆರು ತಿಂಗಳು ಚಿಂತೆ ಇಲ್ಲ" ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಕ್ಯಾತ್ಸಂದ್ರ ಪಾರ್ಲರ್ ಅಕ್ಕ

ನನ್ನ ಹೊಟ್ಟೆಪಾಡೇ ಇದು, ಆದರೂ ಹೇಳುತ್ತೇನೆ. ಈಗ ಮುರಿದಿರುವ ಕೂದಲಿಗೆ ಬೇಡ. ಆ ಕೆಲಸದಲ್ಲಿ ರಾಸಾಯನಿಕ ಹಚ್ಚಿ, ಅದರ ಮೇಲೆ ಹೆಚ್ಚಿನ ಬಿಸಿಯಲ್ಲಿ ಮತ್ತೆ ಮತ್ತೆ ಐರನ್ ಎಳೆಯುತ್ತಾರೆ.

ಮಾಡಿಸುವ ಬೇರೆಯವರು ಬಾಟಲಿ ಕೇಳಿ ಓದಿ. ಫಾರ್ಮಾಲ್ಡಿಹೈಡ್ ಇರುವ ಮಾಲು ಇನ್ನೂ ಓಡಾಡುತ್ತಿದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೇ ಸೇರಿಸಿದೆ. ಮೆಥಿಲೀನ್ ಗ್ಲೈಕಾಲ್ ಅಂತ ಬರೆದಿದ್ದರೂ ಬಿಸಿಗೆ ಬರುವುದು ಅದೇ ಹೊಗೆ. ಇನ್ನು ಗ್ಲೈಆಕ್ಸಿಲಿಕ್ ಆಸಿಡ್ ಇರುವ ಮಾಲಿನಿಂದ ಕೆಲವರಿಗೆ ಕಿಡ್ನಿ ತೊಂದರೆ ಆಗಿ ಫ್ರಾನ್ಸ್‌ನ ಸರ್ಕಾರಿ ಆರೋಗ್ಯ ಸುರಕ್ಷತಾ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ. ನಾನು ಕೆಲಸ ಕಲಿತ ಕಡೆ ಬಾಗಿಲು ಮುಚ್ಚಿ, ಎಸಿ ಹಾಕಿ ಮಾಡುತ್ತಿದ್ದರು. ಸಂಜೆ ಹೊತ್ತಿಗೆ ನಮಗೆಲ್ಲ ಕಣ್ಣುರಿ, ಗಂಟಲು ಕೆರೆತ. ಆಗ ನಮಗೆ ಯಾರೂ ಏನೂ ಹೇಳಿರಲಿಲ್ಲ. ನನ್ನ ಪಾರ್ಲರ್‌ನಲ್ಲಿ ಆ ಎರಡೂ ಇಲ್ಲ.

ಈಗ ಮಾಡುವ ಕ್ರಮ. ಇದನ್ನು ನಿಧಾನಕ್ಕೆ ಓದು, ತಂಗಿ.

ಹಿಂದಿನ ದಿನ ಸಂಜೆ ತಲೆಸ್ನಾನ ಮಾಡು. ಕಂಡೀಷನರ್ ತುದಿಗೆ ಹಾಕು, ಬುಡಕ್ಕೆ ಬೇಡ. ಅರ್ಧ ಒಣಗಿದಾಗ ಹೀಟ್ ಪ್ರೊಟೆಕ್ಟರ್ ಹಚ್ಚು. ಸ್ಪ್ರೇ ಆಗಲಿ ಸೀರಮ್ ಆಗಲಿ, ಡೈಮೆಥಿಕೋನ್ ಥರದ ಸಿಲಿಕೋನ್ ಇದ್ದರೆ ಸರಿ. ಅದು ಎಳೆಯ ಮೇಲೆ ತೆಳುವಾಗಿ ಕೂತು ಬಿಸಿ ನಿಧಾನಕ್ಕೆ ಒಳಗೆ ಹೋಗುವ ಹಾಗೆ ಮಾಡುತ್ತದೆ, ಪ್ಲೇಟ್ ಜಾರುವ ಹಾಗೆ ಮಾಡುತ್ತದೆ. ಆದರೆ ಅದು ಹಚ್ಚಿದೆ ಅಂತ 230ಕ್ಕೆ ಏರಿಸಿದರೆ ಕಾಪಾಡಲ್ಲ.

ರಾತ್ರಿ ಪೂರ್ತಿ ಒಣಗಲಿ. ನಿನ್ನಂಥ ಕೂದಲಲ್ಲಿ ಮೇಲೆ ಒಣಗಿರುತ್ತದೆ, ಕತ್ತಿನ ಹಿಂದೆ ಒಳಪದರ ಒದ್ದೆ ಇರುತ್ತದೆ. ಬೆಳಿಗ್ಗೆ ಅಲ್ಲಿ ಕೂದಲು ಎತ್ತಿ ಅಂಗೈಯ ಹಿಂಬದಿ ಇಟ್ಟು ನೋಡು. ತಣ್ಣಗೆ ಅನಿಸಿದರೆ ಒದ್ದೆ. ಡ್ರೈಯರ್ ಕಡಿಮೆ ಬಿಸಿಯಲ್ಲಿ ಆಡಿಸು. ಐರನ್ ಒತ್ತಿದಾಗ ಚುಂಯ್ ಅಂತ ಶಬ್ದ ಬಂದರೆ ಆ ಕ್ಷಣವೇ ಬಿಡು.

ಸಿಕ್ಕು ಪೂರ್ತಿ ಬಿಡಿಸಿದ ಮೇಲೆ ಬೈತಲೆಯಿಂದ ಕತ್ತಿನವರೆಗೆ ಎರಡು ಭಾಗ, ಕಿವಿಯಿಂದ ಕಿವಿಗೆ ಅಡ್ಡ ಗೆರೆ, ಒಟ್ಟು ನಾಲ್ಕು. ಮೂರನ್ನು ಕ್ಲಿಪ್ ಹಾಕಿ ಎತ್ತಿಡು. ಕತ್ತಿನ ಹತ್ತಿರದ ಕೆಳಪದರದಿಂದ ಶುರು. ಎರಡು ಬೆರಳಗಲ ಮಾತ್ರ ಹಿಡಿ. ಎಷ್ಟು ತೆಳು ಅಂದರೆ, ಹಿಂದೆ ಬಾಚಣಿಗೆ ಇಟ್ಟರೆ ಅದರ ಹಲ್ಲು ಕಾಣಬೇಕು. ಕಾಣದಿದ್ದರೆ ಅರ್ಧ ಬಿಡು.

ಈಗ ಎಡಗೈಯಲ್ಲಿ ಬಾಚಣಿಗೆ ಬುಡದಲ್ಲಿ ಸಿಕ್ಕಿಸು. ಅದರ ಹಿಂದೆಯೇ ಪ್ಲೇಟ್. ಬುಡದಿಂದ ಅರ್ಧ ಇಂಚು ಬಿಟ್ಟು ಹಿಡಿ. ಬಾಚಣಿಗೆ ಮುಂದೆ ಹೋಗಲಿ, ಪ್ಲೇಟ್ ಹಿಂಬಾಲಿಸಲಿ. ನಿನ್ನ ಉದ್ದಕ್ಕೆ ಒಂದರಿಂದ ಹನ್ನೆರಡು ಎಣಿಸುವಷ್ಟರಲ್ಲಿ ತುದಿ ಮುಟ್ಟಬೇಕು. ಎಲ್ಲೂ ನಿಲ್ಲಬಾರದು, ಗಟ್ಟಿಯಾಗಿ ಹಿಸುಕಬಾರದು. ನಿಂತರೆ ಅಲ್ಲಿ ಗೀರು ಬೀಳುತ್ತದೆ. ಒಂದು ಸಲ. ಹೆಚ್ಚೆಂದರೆ ಎರಡು ಸಲ. 170ಕ್ಕೆ ಶುರು ಮಾಡು. ಒಂದು ಸಲಕ್ಕೆ ಆಗದಿದ್ದರೆ ಹತ್ತು ಡಿಗ್ರಿ ಏರಿಸು.

ಎಳೆದ ಕೂದಲು ಬಿಸಿ ಇರುವಾಗ ಮುಟ್ಟಬೇಡ, ಕಟ್ಟಬೇಡ, ಕಿವಿ ಹಿಂದೆ ಸಿಕ್ಕಿಸಬೇಡ. ಮೇಡಂ ಹೇಳಿದರಲ್ಲ, ತಣಿಯುವಾಗಲೇ ಆಕಾರ ಕೂರುತ್ತದೆ. ನೇರಕ್ಕೆ ಇಳಿಬಿಟ್ಟು ಕೂರು. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಬೇಸರ ಪಡಬೇಡ.

ಕತ್ತಿಗೆ, ಕಿವಿಗೆ ತಾಗಿ ಸುಟ್ಟರೆ ತಣ್ಣೀರು ನಲ್ಲಿ ಕೆಳಗೆ ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್ ಬೇಡ, ಐಸ್ ಬೇಡ.

ಚಿಕ್ಕಬಳ್ಳಾಪುರ ಹೂವು

ನಮ್ಮದು ಹೂವಿನ ವ್ಯಾಪಾರ. ಆರತಕ್ಷತೆ ಅಂದಿರಿ, ಮುಡಿಗೆ ಮಲ್ಲಿಗೆ ಇದ್ದೇ ಇರುತ್ತದೆ. ಮಾರುವವರು ಬಾಡದಿರಲಿ ಅಂತ ನೀರು ಚಿಮುಕಿಸಿ ಕೊಡುತ್ತಾರೆ, ನಾವೂ ಹಾಗೇ ಮಾಡುತ್ತೇವೆ. ಆ ನೀರು ಐರನ್ ಮಾಡಿದ ಕೂದಲಿಗೆ ಇಳಿದರೆ ಅಲ್ಲಿ ಅಲೆ ಬರುತ್ತದೆ. ನನ್ನ ನಾದಿನಿಗೆ ಹಾಗೇ ಆಯಿತು. ಹೂವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಆಮೇಲೆ ಮುಡಿಯಿರಿ. ನಮ್ಮಲ್ಲಿ ನಂದಿಬೆಟ್ಟಕ್ಕೆ ಬೆಳಗಿನ ಜಾವ ಹೋಗುವ ಹುಡುಗಿಯರೂ ಇದೇ ದೂರು ಹೇಳುತ್ತಾರೆ, ಮಂಜಿನಲ್ಲಿ ಹತ್ತು ನಿಮಿಷ ನಿಂತರೆ ಮುಗಿಯಿತು ಅಂತ.

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಮೂರು ವಾರ ಆಯಿತು. ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ.

ಒಂದೂವರೆ ಇಂಚಿನ ಸಿರಾಮಿಕ್ ತಗೊಂಡೆ, ಎರಡು ಸಾವಿರದ ಒಳಗೆ. ಅಂಗಡಿಯಲ್ಲಿ ಚೀಟಿ ಪರೀಕ್ಷೆ ಮಾಡಿದೆ. ಮೊದಲು ತೋರಿಸಿದ ಎರಡರಲ್ಲಿ ಬುಡದಲ್ಲಿ ಚೀಟಿ ಸುಮ್ನೆ ಜಾರಿ ಬಂತು. ಮೂರನೆಯದು ಹಿಡಿಯಿತು. ಅಂಗಡಿಯವರು ಕೂಡ ಚೀಟಿ ಇಸಿದುಕೊಂಡು ಉಳಿದದ್ದನ್ನೆಲ್ಲ ನೋಡಿದರು.

ಎಳೆ ಹೊರಳಿಸಿ ನೋಡಿದೆ, ನನ್ನದು ದಪ್ಪ ಎಳೆಯೇ. 170ಕ್ಕೆ ಅರ್ಧಂಬರ್ಧ ಆಯಿತು. 180ಕ್ಕೆ ಒಂದೇ ಎಳೆತಕ್ಕೆ ನೇರ! ಹೋದ ಸಲ 230ಕ್ಕೆ ಆಗದ ಕೂದಲು ಇದು. ಹಿಂದಿನ ಭಾಗಕ್ಕೆ ಅಮ್ಮ ಬಾಚಣಿಗೆ ಹಿಡಿದರು. ಅಂಗೈಯ ಹಿಂಬದಿ ಇಟ್ಟು ಪ್ರತಿ ಪದರವನ್ನೂ ಅವರೇ ನೋಡಿ "ಒಣಗಿದೆ, ಒತ್ತು" ಅಂದರು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಸಂಜೆ ಆರಕ್ಕೆ ಹಾಲ್‌ಗೆ ಹೋದೆವು, ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದಾಗಲೂ ಹಾಗೇ ಇತ್ತು. ಚಿಕ್ಕಬಳ್ಳಾಪುರದ ಅಕ್ಕ, ಹೂವು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಆದರೆ ಚಿಕ್ಕಮ್ಮ ಪ್ರೀತಿಯಿಂದ ಇನ್ನೊಂದು ಮೊಳ ಒದ್ದೆ ಮಲ್ಲಿಗೆ ತಂದು ಮುಡಿಸಿದರು. ಬೇಡ ಅನ್ನಲು ಮನಸ್ಸಾಗಲಿಲ್ಲ. ರಾತ್ರಿ ಹೂವು ತೆಗೆದಾಗ ಅದು ಇದ್ದಷ್ಟು ಜಾಗದಲ್ಲಿ ಮಾತ್ರ, ಅಂಗೈ ಅಗಲ, ನನ್ನ ಹಳೆಯ ಅಲೆ ಕೂತಿತ್ತು. ಅದನ್ನು ನೋಡಿ ಮೇಡಂ ಹೇಳಿದ ಪಾಠ ಪೂರ್ತಿ ಅರ್ಥ ಆಯಿತು.

ಅಕ್ಕ, ಒಂದೇ ಪ್ರಶ್ನೆ ಉಳಿದಿದೆ. ಮುಂದೆ ಮುರಿದ ಕೂದಲು ಈಗಲೂ ನಿಂತುಕೊಂಡೇ ಇದೆ. ಅದಕ್ಕೂ ಸ್ವಲ್ಪ ಐರನ್ ತೋರಿಸಿ ಮಲಗಿಸಬಹುದಾ?

ಕ್ಯಾತ್ಸಂದ್ರ ಪಾರ್ಲರ್ ಅಕ್ಕ

ಓದಿ ಕಣ್ಣು ತುಂಬಿತು, ತಂಗಿ. ಅಮ್ಮನಿಗೂ ಹೇಳು.

ಆ ಕೂದಲಿಗೆ ಬೇಡ. ಮುರಿದ ತುದಿ ಮತ್ತೆ ಸೀಳುತ್ತದೆ. ಸ್ವಲ್ಪ ಅಲೋವೆರಾ ಜೆಲ್ ಹಚ್ಚಿ ಬಾಚಿ ಕೂರಿಸು, ಮುಂದೆ ಬಿಗಿಯಾಗಿ ಎಳೆದು ಕಟ್ಟಬೇಡ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಿವಿ ಹಿಂದೆ ಸಿಕ್ಕಿಸುವಷ್ಟು ಆಗಲು ಒಂದು ವರ್ಷ ಬೇಕು. ಎರಡು ಮೂರು ತಿಂಗಳಿಗೊಮ್ಮೆ ಬಂದು ತುದಿ ಕತ್ತರಿಸಿಕೊಂಡು ಹೋಗು. ಉಳಿದ ಕೂದಲಿಗೂ ವಾರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಬೇಡ. ಪ್ಲೇಟ್ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಡು, ಸೀರಮ್ ಅಂಟಿ ಕಪ್ಪಾಗುತ್ತದೆ.

ಶೆಟ್ಟಿಹಳ್ಳಿ ಹುಡುಗಿ, ತುಮಕೂರು

ಸರ್ಯಕ್ಕ. ಮುಂದಿನ ಯುಗಾದಿವರೆಗೆ ಆ ಕೂದಲಿಗೆ ಐರನ್ ಇಲ್ಲ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಪಾರ್ಲರ್‌ಗೆ ಬರುತ್ತೇನೆ, ತುದಿ ನೀವೇ ನೋಡಿ ಕತ್ತರಿಸಿ.